ಜೋರು ಮಾಡಬ್ಯಾಡ, ಒಳಗ ಪಿನ್ ಅದ

ಕಳೆದ ಮಳೆಗಾಲದ ಒಂದು ಸಂಜೆ. ಹೈದರಾಬಾದಿನ ಬರ್ಕತ್‌ಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಿಂತಿದ್ದ ಅಪ್ಪನ ಅಂಬಾಸಿಡರ್ ಕಾರಿನ ಎಡಗಡೆ ಮುಂದಿನ ಕಿಟಕಿ ಮುಚ್ಚಲು ಹೋದೆ. ಹಿಡಿಕೆ ಎರಡು ಸುತ್ತು ತಿರುಗಿತು. ಆಮೇಲೆ ಬಾಗಿಲೊಳಗೆ ‘ಧಡ್’ ಎಂದು ಸದ್ದಾಗಿ, ಅರ್ಧ ಏರಿದ್ದ ಗಾಜು ಪೂರ್ತಿ ಕೆಳಗಿಳಿದು ಮಾಯವಾಯಿತು. ಹಿಡಿಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಸಲೀಸಾಗಿ ಸುತ್ತುತ್ತಿತ್ತು. ಮಳೆ ಎರಚಲು ಸೀಟಿನ ಮೇಲೆ ಬೀಳುತ್ತಿತ್ತು. ಮೇಲೆ ಹೋಗಿ ಹಳೆಯ ಶವರ್ ಕರ್ಟನ್ ತಂದು ಬಾಗಿಲಿಗೆ ಹೊದಿಸಿ, ಟೇಪು ಹಚ್ಚಿ ಬಂದೆ.

ಅಪ್ಪ ಕಲಬುರಗಿಯಲ್ಲಿ ನಲವತ್ತು ವರ್ಷ ಡಾಕ್ಟರಾಗಿದ್ದವರು. 1973ರ ಮಾಡೆಲ್‌ನ ಈ ಮಾರ್ಕ್ 2 ಗಾಡಿಯನ್ನು 1981ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಳ್ಳಿಗಳಿಗೆ ಹೆರಿಗೆ, ಜ್ವರ, ಹಾವು ಕಡಿತ ಎಂದು ರಾತ್ರಿ ಯಾರಾದರೂ ಬಂದು ಬಾಗಿಲು ಬಡಿದರೆ ಹೊರಡುತ್ತಿದ್ದುದು ಇದರಲ್ಲೇ. ಎಡಗಡೆಯ ಮುಂದಿನ ಸೀಟು ಅಮ್ಮನದು. ಅಮ್ಮ ಹೋದ ಮೇಲೆ, ನಾಲ್ಕು ವರ್ಷಗಳ ಹಿಂದೆ ಅಪ್ಪ ನನ್ನ ಜೊತೆ ಹೈದರಾಬಾದಿಗೆ ಬಂದರು. ಸಾಮಾನೆಲ್ಲ ಹಂಚಿಬಿಟ್ಟರು, ಗಾಡಿ ಬಿಡಲಿಲ್ಲ. ಸುಮಾರು 220 ಕಿಲೋಮೀಟರ್ ದಾರಿಯನ್ನು ನಾನೇ ಓಡಿಸಿಕೊಂಡು ಬಂದೆ. ಅಪ್ಪ ಅಮ್ಮನ ಸೀಟಿನಲ್ಲಿ ಕೂತು ಬಂದರು.

ಈಗ ಅವರಿಗೆ ಕಂಪವಾತ, ಅಂದರೆ ಪಾರ್ಕಿನ್ಸನ್ಸ್. ಗಾಡಿ ಓಡಿಸುವ ಮಾತಿಲ್ಲ. ತಿಂಗಳಿಗೊಂದೆರಡು ಸಲ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗುತ್ತೇನೆ. ಹತ್ತು ನಿಮಿಷದ ದಾರಿ. ಗಾಡಿ ಬೀದಿಗಿಳಿಯುವುದು ಅಷ್ಟಕ್ಕೇ.

ಕಿಟಕಿ ಬಿದ್ದ ವಾರವೇ ಅಸೋಸಿಯೇಷನ್ನಿನಿಂದ ಪತ್ರ ಬಂತು. ನಾವು ಬಳಸುತ್ತಿದ್ದ ಎರಡನೆಯ ಪಾರ್ಕಿಂಗ್ ಜಾಗ ಬೇರೆಯವರಿಗೆ ಬೇಕಂತೆ. ‘ಬಳಕೆಯಲ್ಲಿಲ್ಲದ ವಾಹನ’ವನ್ನು ಎರಡು ತಿಂಗಳಲ್ಲಿ ತೆರವು ಮಾಡಬೇಕಂತೆ. ಟೇಪು ಹಚ್ಚಿ ಕರ್ಟನ್ ಹೊದ್ದ ಗಾಡಿ ಬಳಕೆಯಲ್ಲಿದೆ ಎಂದು ಯಾವ ಬಾಯಿಂದ ವಾದಿಸುವುದು? ಗುಜರಿಯವನೊಬ್ಬ ಬಂದು ಸುತ್ತ ನೋಡಿ, ಕಿಲೋ ಲೆಕ್ಕದಲ್ಲಿ ರೇಟು ಹೇಳಿಹೋದ. ಇಂಗ್ಲೆಂಡಿನಲ್ಲಿರುವ ತಂಗಿ ಫೋನಿನಲ್ಲಿ, “ಅಣ್ಣಾ, ನೀ ಅಪ್ಪನ ಗುಳಿಗಿ ಡಬ್ಬಿ ನೋಡ್ಕೊ, ಕಾರಿನ ಬಾಗಿಲ ಬಿಡು” ಅಂದಳು. ಅಪ್ಪ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದುದೇ ನನಗೆ ಕಷ್ಟವಾಯಿತು.

ಹೀಗೆ, ಹುಟ್ಟಿದಾಗಿನಿಂದ ಬಲ್ಬು ಬದಲಿಸುವುದಕ್ಕಿಂತ ದೊಡ್ಡ ರಿಪೇರಿ ಮಾಡದ ನಾನು, ಒಂದು ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೆಳಗಿಳಿದೆ.

ಮೊದಲ ತಪ್ಪು

ಗಾಜು ಬಿದ್ದಿರುವುದು ಬಾಗಿಲೊಳಗೆ. ಅದನ್ನು ತಲುಪಬೇಕಾದರೆ ಬಾಗಿಲಿನ ಒಳಮೈಗೆ ಕೂರಿಸಿರುವ ರೆಕ್ಸಿನ್ ಹೊದಿಸಿದ ಹಲಗೆಯನ್ನು ಬಿಚ್ಚಬೇಕು. ಗ್ಯಾರೇಜಿನವರ ಬಾಯಲ್ಲಿ ಅದು ‘ಡೋರ್ ಪ್ಯಾಡ್’. ಪ್ಯಾಡ್ ಬರಬೇಕಾದರೆ ಮೊದಲು ಅದರ ಮೇಲಿರುವ ಎರಡು ಹಿಡಿಕೆಗಳು ಬರಬೇಕು: ಗಾಜು ಏರಿಸಿ ಇಳಿಸುವುದು ಒಂದು, ಬಾಗಿಲು ತೆರೆಯುವುದು ಇನ್ನೊಂದು. ಹಿಡಿಕೆಯ ಮೇಲೆ ಎಲ್ಲೂ ಸ್ಕ್ರೂ ಕಾಣಲಿಲ್ಲ. ಸ್ಕ್ರೂ ಇಲ್ಲವೆಂದರೆ ಎಳೆದರೆ ಬರುತ್ತದೆ ಎಂದುಕೊಂಡೆ. ಸ್ಕ್ರೂಡ್ರೈವರನ್ನು ಹಿಡಿಕೆಯ ಬುಡಕ್ಕೆ ಕೊಟ್ಟು ಮೀಟಿದೆ. ಹಿಡಿಕೆ ಅಲುಗಲಿಲ್ಲ, ರೆಕ್ಸಿನ್ ಮೇಲೆ ಅರ್ಧ ಚಂದ್ರನ ಗಾಯವಾಯಿತು. ಆಮೇಲೆ ಹಲಗೆಯ ಕೆಳಮೂಲೆಗೆ ಕೈಹಾಕಿ ಎಳೆದೆ. ‘ಚಟ್’ ಎಂದಿತು. ಹಲಗೆ ಬರಲಿಲ್ಲ, ಮೂಲೆಯ ಒಂದು ತುಂಡು ನನ್ನ ಕೈಯಲ್ಲಿತ್ತು.

ಹಿಂದಿನಿಂದ ಅಪ್ಪನ ದನಿ ಕೇಳಿತು. ಲಿಫ್ಟಿನಲ್ಲಿ ಇಳಿದುಬಂದು ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಜೋರು ಮಾಡಬ್ಯಾಡ. ಒಳಗ ಪಿನ್ ಅದ.”

ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂಡಿಸಿದೆ. 1987ರಲ್ಲಿ ಇದೇ ಬಾಗಿಲನ್ನು ಅವರೇ ಬಿಚ್ಚಿದ್ದರಂತೆ. ಕಾಯಿಲೆ ಪತ್ತೆ ಮಾಡುವಾಗಿನ ಅದೇ ಶಾಂತ ದನಿಯಲ್ಲಿ ಕೇಳಿದರು: “ಹಿಡಿಕಿ ಹಿಂದ ದುಂಡನ ತಟ್ಟಿ ಅದ ಅಲ್ಲ? ಅದನ್ನ ಒಳಗ ಒತ್ತು. ಏನ್ ಕಾಣ್ತದ?”

ಒತ್ತಿದೆ. ಬೋಗುಣಿಯಂತಿದ್ದ ಆ ದುಂಡು ತಟ್ಟೆ ಸ್ಪ್ರಿಂಗಿನ ಮೇಲೆ ಕೂತಿತ್ತು, ಒಳಕ್ಕೆ ಸರಿಯಿತು. ಅದರ ಹಿಂದೆ ಹಿಡಿಕೆಯ ಕತ್ತಿನಲ್ಲಿ ಅಡ್ಡಕ್ಕೆ ಒಂದು ಸಣ್ಣ ತೂತು, ತೂತಿನೊಳಗೆ ಗುಂಡುಸೂಜಿಗಿಂತ ತುಸು ದಪ್ಪದ ಒಂದು ಪಿನ್ನಿನ ತಲೆ. ಇಡೀ ಹಿಡಿಕೆಯನ್ನು ಐವತ್ತು ವರ್ಷ ಹಿಡಿದಿಟ್ಟಿದ್ದು ಅದು.

ಮರೆಯಲ್ಲಿ ಯಾಕಿಟ್ಟರು?

ಆ ದಿನ ನನಗೆ ಮೂಡಿದ ಪ್ರಶ್ನೆ ಇದು: ಬಿಚ್ಚುವ ಜಾಗವನ್ನು ಹೀಗೆ ಬಚ್ಚಿಡುವುದೇಕೆ?

ನಮ್ಮೂರಿಗೆ ಬಂದವರು ಚೌಮಹಲ್ಲಾ ಅರಮನೆಗೆ ಹೋದರೆ ಅಲ್ಲಿರುವ ಹಳದಿ ರೋಲ್ಸ್ ರಾಯ್ಸ್ ನೋಡದೆ ಬರುವುದಿಲ್ಲ. 1912ರ ಸಿಲ್ವರ್ ಘೋಸ್ಟ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರಿಗೆಂದು ಆರ್ಡರ್ ಆದ ಗಾಡಿ. ಅವರು 1911ರಲ್ಲೇ ತೀರಿಕೊಂಡರು. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕೊಡುತ್ತಿದ್ದುದು ಎಂಜಿನ್ ಮತ್ತು ಷಾಸಿ. ಮೇಲಿನ ಬಾಡಿ ಕಟ್ಟುತ್ತಿದ್ದವರು ಬೇರೆ. ಈ ಗಾಡಿಯ ಬಾಡಿ ಲಂಡನ್ನಿನ ಬಾರ್ಕರ್ ಕಂಪನಿಯದು. ಅಂಥ ಬಾಡಿಯನ್ನು ಬಡಗಿ, ಕಮ್ಮಾರ, ಚರ್ಮದ ಕೆಲಸದವರು ಸೇರಿ ಒಂದೊಂದಾಗಿ ಕೈಯಲ್ಲಿ ಕಟ್ಟುತ್ತಿದ್ದರು. ಅಲ್ಲಿ ಸಮಯಕ್ಕೆ ಬರವಿರಲಿಲ್ಲ.

ನಮ್ಮ ಅಂಬಾಸಿಡರ್ ಹುಟ್ಟಿದ್ದು ಬೇರೆ ಬಗೆಯ ಕಾಲದಲ್ಲಿ. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆಕ್ಸ್‌ಫರ್ಡ್ ಪಕ್ಕದ ಕೌಲಿಯ ಗಾಡಿಯ ವಿನ್ಯಾಸವನ್ನು ಹಿಂದೂಸ್ತಾನ್ ಮೋಟರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರ್‌ಪಾಡಾಕ್ಕೆ ತಂದರು. 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅಲ್ಲಿ ಅಂಬಾಸಿಡರ್ ತಯಾರಾಯಿತು. ಕಾರ್ಖಾನೆಯ ಸಾಲಿನಲ್ಲಿ ಗಾಡಿ ಮುಂದೆ ಸಾಗುತ್ತಿರುತ್ತದೆ. ಪ್ಯಾಡ್ ಕೂರಿಸುವವನಿಗೆ ಹತ್ತು ಹನ್ನೆರಡು ಸ್ಕ್ರೂ ತಿರುಗಿಸುತ್ತ ಕೂರುವಷ್ಟು ಪುರುಸೊತ್ತಿಲ್ಲ. ಹಲಗೆಯ ಹಿಂದೆ ಸ್ಪ್ರಿಂಗ್ ಕ್ಲಿಪ್ಪುಗಳು, ಬಾಗಿಲ ತಗಡಿನಲ್ಲಿ ಅದಕ್ಕೆ ಸರಿಯಾದ ತೂತುಗಳು. ಅಂಗೈಯಿಂದ ಗುದ್ದಿದರೆ ಮುಗಿಯಿತು. ಕೊಳ್ಳುವವನ ಕಣ್ಣಿಗೂ ಸ್ಕ್ರೂ ತಲೆ ಕಾಣದೆ ಚೆಂದ. ಹಾಕುವವನ ಅನುಕೂಲ ನೋಡಿದರು, ಕೊಳ್ಳುವವನ ಕಣ್ಣು ನೋಡಿದರು. ಐವತ್ತು ವರ್ಷದ ಮೇಲೆ ಬಿಚ್ಚುವವನೊಬ್ಬ ಬರುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ.

ಹಾಗಾಗಿ ಹಳೆಯ ಗಾಡಿಯ ಬಾಗಿಲು ಬಿಚ್ಚುವಾಗ ಬಲಕ್ಕಿಂತ ಮೊದಲು ಬೇಕಾದದ್ದು, ಹಾಕಿದವನ ಕೈ ಹೇಗೆ ಓಡಿತ್ತು ಎಂಬ ಊಹೆ. ಮುರಿಯುವುದೆಲ್ಲ ಮುರಿಯುವುದು, ಇನ್ನೊಂದು ಪಿನ್ನೋ ಸ್ಕ್ರೂವೋ ಉಳಿದಿರುವಾಗ ನಾವು ಎಳೆಯುವುದರಿಂದ.

ಮೂರು ಬಗೆಯ ಹಿಡಿಕೆ

ಪಿನ್ ಕಂಡಿತೇನೋ ಸರಿ, ತೆಗೆಯುವುದು ಒಬ್ಬರ ಕೆಲಸವಲ್ಲ. ಸ್ಪ್ರಿಂಗ್ ತಟ್ಟೆಯನ್ನು ಒಬ್ಬರು ಒಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ತೆಳು ಪಂಚಿನಿಂದ ಪಿನ್ನನ್ನು ಆಚೆಗೆ ತಳ್ಳಬೇಕು. ಸುತ್ತ ನೋಡಿದೆ. ವಾಚ್‌ಮನ್ ನೀರಿನ ಟ್ಯಾಂಕರ್ ಹಿಂದೆ ಹೋಗಿದ್ದ.

“ಕುರ್ಚಿ ಹತ್ತರ ಸರಸು” ಅಂದರು ಅಪ್ಪ.

ನಾನು ಅವರ ಕೈ ನೋಡಿದೆ. ತೊಡೆಯ ಮೇಲೆ ಇಟ್ಟಿದ್ದ ಬಲಗೈ ಮಣಿ ಎಣಿಸುವಂತೆ ನಡುಗುತ್ತಿತ್ತು. ಅವರಿಗೆ ಅರ್ಥವಾಯಿತು. “ಈ ನಡುಕ ಸುಮ್ಮ ಕುಂತಾಗ ಜಾಸ್ತಿ. ಕೆಲಸ ಹಿಡದ್ರ ಕಡಿಮಿ ಆಗ್ತದ. ನಾ ಡಾಕ್ಟರ್ ಇದ್ದೀನೋ, ನೀ ಇದ್ದೀಯೋ?” ಎಂದು ಎರಡೂ ಹೆಬ್ಬೆರಳುಗಳನ್ನು ತಟ್ಟೆಯ ಮೇಲಿಟ್ಟು ಒತ್ತಿದರು. ಕೈ ನಿಂತಿತು. ಪೂರ್ತಿ ಅಲ್ಲ, ಆದರೆ ಆ ಕೆಲಸಕ್ಕೆ ಸಾಕಾಗುವಷ್ಟು.

ಪಿನ್ ತುಕ್ಕು ಹಿಡಿದಿತ್ತು. ಸುತ್ತಿಗೆ ಎತ್ತಿಕೊಂಡವನನ್ನು ಅವರು ತಡೆದರು: ಹೊಡೆದರೆ ಪೆಟ್ಟು ಬೀಳುವುದು ಪಿನ್ನಿಗೆ ಮಾತ್ರ ಅಲ್ಲ, ಹಿಡಿಕೆ ಕೂತಿರುವ ದಂಡಕ್ಕೂ ಅದರ ಹಿಂದಿನ ಹಲ್ಲುಚಕ್ರಕ್ಕೂ. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಮೇಲೆ ಹೋಗಿ ತಿಂಡಿ ತಿಂದು ಬಂದೆವು. ಆಮೇಲೆ ಪಂಚು ಇಟ್ಟು ಮೆಲ್ಲಗೆ ತಟ್ಟಿದರೆ ಪಿನ್ ಹೊರಗಿಣುಕಿ, ನೆಲಕ್ಕೆ ಬಿದ್ದು ಉರುಳಿತು. ಹುಡುಕಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತದ ಗೊಂಬೆ ಅದನ್ನು ಹಿಡಿದುಕೊಟ್ಟಿತು. ಮೊದಲೇ ಕೆಳಗೊಂದು ಹಳೆಯ ಬಿಳಿ ದುಪ್ಪಟಿ ಹಾಸಿಕೊಂಡಿದ್ದರೆ ಇದಾವುದೂ ಬೇಕಿರಲಿಲ್ಲ.

ಬಲಗಡೆಯ, ಅಂದರೆ ಡ್ರೈವರ್ ಬಾಗಿಲಿನ ಹಿಡಿಕೆ ಬೇರೆ ಥರದ್ದು. ಯಾವಾಗಲೋ ಬದಲಿಸಿದ್ದು, ಅದರ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯ ಅಂಚಿಗೆ ಉಗುರು ಕೊಟ್ಟು ಎಬ್ಬಿಸಿದರೆ ಒಳಗೆ ಸ್ಕ್ರೂ. ಇದು ಎಲ್ಲಕ್ಕಿಂತ ಸುಲಭದ್ದು, ಬಿಲ್ಲೆ ತೆಗೆಯಬಹುದೆಂದು ಗೊತ್ತಿದ್ದರೆ ಮಾತ್ರ.

ಮೂರನೆಯ ಬಗೆ ಕಲಿತದ್ದು ನಾರಾಯಣಗುಡದ ಓಣಿಯೊಂದರ ಉಸ್ತಾದರಿಂದ. ಗಾಜಿನ ರಬ್ಬರ್ ಎಲ್ಲಿ ಸಿಗುತ್ತದೆಂದು ಕೇಳಲು ಹೋಗಿದ್ದೆ. ಅರವತ್ತು ದಾಟಿದ ಮನುಷ್ಯ. ಎದುರಿಗೆ ಒಂದು ಹಳೆಯ ಮಾರುತಿ 800 ನಿಂತಿತ್ತು. ಅದರ ಹಿಡಿಕೆಯಲ್ಲಿ ಸ್ಕ್ರೂವೂ ಇಲ್ಲ, ಪಿನ್ನೂ ಇಲ್ಲ. ಹಿಡಿಕೆಯ ಬುಡದಲ್ಲಿ ಕುದುರೆ ಲಾಳದ ಆಕಾರದ ಒಂದು ತಂತಿ ಕ್ಲಿಪ್ ಇರುತ್ತದೆ. ನಾನು ಸ್ಕ್ರೂಡ್ರೈವರಿನ ಕಡೆ ನೋಡಿದ್ದೇ ತಡ, “ನಕ್ಕೋ ಸಾಬ್, ನಕ್ಕೋ” ಎಂದು ನಕ್ಕು, ಹೆಗಲ ಮೇಲಿನ ಬಟ್ಟೆ ತೆಗೆದರು. ಬಟ್ಟೆಯ ಅಂಚನ್ನು ಹಿಡಿಕೆಗೂ ಪ್ಯಾಡಿಗೂ ನಡುವೆ ತೂರಿಸಿ, ಶೂ ಪಾಲಿಶ್ ಮಾಡುವವರ ಹಾಗೆ ಎರಡೂ ಕಡೆಯಿಂದ ಅತ್ತ ಇತ್ತ ಎಳೆದರು. ಬಟ್ಟೆಯ ನೂಲು ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡಿತು. ‘ಟಿಕ್’ ಎಂದು ಕ್ಲಿಪ್ ಹೊರಬಂತು. ಅದು ಹಾರಿ ಕಣ್ಣಿಗೆ ಬೀಳಬಾರದೆಂದು ಇನ್ನೊಂದು ಅಂಗೈ ಅಡ್ಡ ಹಿಡಿದಿದ್ದರು. ಒಂದು ಗೀರೂ ಇಲ್ಲ. ಹಣ ಕೊಡಲು ಹೋದರೆ, ಬಟ್ಟೆ ಎಳೆದದ್ದಕ್ಕೆಲ್ಲ ದುಡ್ಡೇ ಎಂದು ಕೈ ಆಡಿಸಿದರು.

ಹಿಡಿಕೆ ತೆಗೆಯುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಿಟಕಿ ಪೂರ್ತಿ ಮುಚ್ಚಿದಾಗ ಹಿಡಿಕೆ ಯಾವ ಕಡೆ ತಿರುಗಿ ನಿಂತಿತ್ತು ಎಂಬುದು ಅದರಲ್ಲಿರಲಿ. ಹೇಗೋ ಒಂದು ಹಾಗೆ ಹಾಕಿಬಿಟ್ಟರೆ ಕೂತವರ ಮೊಣಕಾಲಿಗೆ ಅದು ಬಡಿಯುತ್ತಲೇ ಇರುತ್ತದೆ.

ಪ್ಯಾಡಿನ ಹಿಂದೆ

ಎರಡೂ ಹಿಡಿಕೆ ಬಂದವು. ಕೈ ಊರುವ ಆರ್ಮ್‌ರೆಸ್ಟಿನ ಅಡಿಯಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ, ಎರಡು ಸ್ಕ್ರೂಗಳಿದ್ದವು. ನಾನು ಬೆಳಿಗ್ಗೆ ಹಲಗೆ ಎಳೆದಾಗ ಅವು ಬಿಗಿದುಕೊಂಡೇ ಇದ್ದವು. ಮೂಲೆ ಮುರಿಯದೆ ಏನು ಮಾಡೀತು!

ಪ್ಯಾಡ್ ಎಬ್ಬಿಸಲು ಅಪ್ಪ ಕೇಳಿದ್ದು ಸ್ಕ್ರೂಡ್ರೈವರ್ ಅಲ್ಲ, ಗೋಡೆಗೆ ಪುಟ್ಟಿ ಬಳಿಯುವ ಅಗಲ ಪಟ್ಟಿ. ಅದಕ್ಕೆ ಬಟ್ಟೆ ಸುತ್ತಿ ಹಲಗೆಗೂ ತಗಡಿಗೂ ನಡುವೆ ತೂರಿಸಿ ಮೆಲ್ಲಗೆ ಸರಿಸುತ್ತ ಹೋದರೆ ಒಂದು ಕಡೆ ತಡೆಯುತ್ತದೆ. ಅಲ್ಲಿ ಕ್ಲಿಪ್ ಇದೆ ಎಂದರ್ಥ. ಆ ಕ್ಲಿಪ್ಪಿನ ಪಕ್ಕದಲ್ಲೇ ಮೀಟಬೇಕು. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ಹಲಗೆ ಬಾಗಿ ಸೀಳುತ್ತದೆ. ಒಂದು ಗಂಟೆ ಬಿಸಿಲಿಗೆ ಬಾಗಿಲು ತೆರೆದಿಟ್ಟರೆ ಹಳೆಯ ರೆಕ್ಸಿನ್ ಮೆತ್ತಗಾಗಿ ಬಿರುಕು ಬಿಡುವುದು ತಪ್ಪುತ್ತದೆ. ಚಳಿದೇಶದಲ್ಲಿರುವ ಓದುಗರು ಇದಕ್ಕೆ ಹೇರ್ ಡ್ರೈಯರ್ ಬಳಸಬಹುದು. ಕೆಲವು ಕಾರುಗಳಲ್ಲಿ ಹಲಗೆಯ ಮೇಲಂಚು ಕಿಟಕಿಯ ಪಟ್ಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಅಂಥದ್ದನ್ನು ಕೊನೆಗೆ ಮೇಲಕ್ಕೆತ್ತಿ ಬಿಡಿಸಬೇಕು, ತನ್ನ ಕಡೆಗೆ ಎಳೆಯಬಾರದು.

ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಇಡಲು ನನ್ನ ಹೆಂಡತಿಯ ಇಡ್ಲಿ ತಟ್ಟೆ ತಂದಿದ್ದೆ. ಮೊದಲ ಗುಳಿಯಲ್ಲಿ ಪಿನ್, ಎರಡನೆಯದರಲ್ಲಿ ಸ್ಪ್ರಿಂಗ್ ತಟ್ಟೆ, ಮೂರನೆಯದರಲ್ಲಿ ಆರ್ಮ್‌ರೆಸ್ಟಿನ ಸ್ಕ್ರೂ. ಇದಕ್ಕಿಂತ ಒಳ್ಳೆಯ ಸಾಧನ ಯಾವ ಟೂಲ್ ಕಂಪನಿಯೂ ಮಾಡಿಲ್ಲ. ಮನೆಯಲ್ಲಿ ಈ ಅಭಿಪ್ರಾಯಕ್ಕೆ ಒಪ್ಪಿಗೆ ಸಿಕ್ಕಿಲ್ಲ.

ಪ್ಯಾಡ್ ಬಂದಾಗ ಅದರ ಹಿಂದೆ ಡಾಂಬರು ಬಳಿದಂಥ ಕಪ್ಪು ಕಾಗದವೊಂದು ತಗಡಿಗೆ ಅಂಟಿಕೊಂಡಿತ್ತು. ಕಸವೆಂದು ಕಿತ್ತೆಸೆಯಲು ಹೋದೆ. “ಏ, ಅದ ಬಾಗಲದ ಜೀವ!” ಎಂದರು ಅಪ್ಪ.

ಇದು ನನಗೆ ಗೊತ್ತೇ ಇರಲಿಲ್ಲ: ಕಾರಿನ ಬಾಗಿಲೊಳಗೆ ನೀರು ಹೋಗಬಾರದು ಎಂದೇನಿಲ್ಲ, ಹೋಗಿಯೇ ಹೋಗುತ್ತದೆ. ಮಳೆ ನೀರು ಗಾಜಿನ ಮೈಮೇಲಿಂದ ಇಳಿದು, ಕಿಟಕಿಯಂಚಿನ ರಬ್ಬರ್ ದಾಟಿ ಬಾಗಿಲ ಹೊಟ್ಟೆಗೆ ಸೇರುತ್ತದೆ. ಮಾಡಿದವರಿಗೂ ಅದು ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ನೀರು ಅಲ್ಲಿಂದ ರಸ್ತೆಗೆ ಹೋಗಲೆಂದು. ಈ ಕಾಗದದ ಕೆಲಸ, ನೀರು ಒಳಗಡೆಯ ಹಲಗೆಗೆ ತಾಗದಂತೆ ತಡೆದು ಕೆಳಗಿನ ತೂತಿನ ಕಡೆಗೆ ಇಳಿಸುವುದು. ಕಾಗದ ಹರಿದರೆ ಹಲಗೆ ನೆನೆದು ಉಬ್ಬುತ್ತದೆ, ಕ್ಲಿಪ್ಪಿನ ತೂತುಗಳು ಕಿತ್ತುಬರುತ್ತವೆ. ತೂತು ಕಟ್ಟಿಕೊಂಡರೆ ನೀರು ನಿಂತು ಬಾಗಿಲಿನ ತಳವೇ ತುಕ್ಕು ಹಿಡಿಯುತ್ತದೆ.

ಡ್ರೈವರ್ ಬಾಗಿಲಲ್ಲಿ ಇದಕ್ಕೆ ಸಾಕ್ಷಿ ಇತ್ತು. ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಲಾಕ್ ರಿಪೇರಿಗೆಂದು ಆ ಬಾಗಿಲನ್ನು ಬಿಚ್ಚಿದವರು ಕಾಗದವನ್ನು ಎಸೆದಿದ್ದರು. ಕ್ಲಿಪ್ ಮುರಿದ ಕಡೆಯೆಲ್ಲ ಪ್ಯಾಡಿನ ಮೇಲಿನಿಂದಲೇ ವಾಷರ್ ಇಟ್ಟು ಉದ್ದುದ್ದ ಸ್ಕ್ರೂ ಜಡಿದಿದ್ದರು. ಹೊರಗಿನಿಂದ ಗಟ್ಟಿಯಾಗಿ ಕಂಡಿತ್ತು. ಈಗ ಬಿಚ್ಚಿದರೆ ಹಲಗೆಯ ಕೆಳಗಿನ ಅರ್ಧ ನೆನೆದ ರಸ್ಕಿನಂತೆ ಕೈಯಲ್ಲಿ ಪುಡಿಯಾಯಿತು. ಒಂದು ಸ್ಕ್ರೂವಿನ ಮೊನೆ ಗಾಜು ಇಳಿಯುವ ದಾರಿಗೇ ಚಾಚಿಕೊಂಡಿತ್ತು.

ಎಡಬಾಗಿಲಿನ ತಳದಲ್ಲಿ ಕಂಡದ್ದು ಬೇರೆ. ತೂತುಗಳು ಕಪ್ಪಗೆ ಕಟ್ಟಿಕೊಂಡಿದ್ದವು. ಹಳೆಯ ಟೂತ್‌ಬ್ರಷ್ಷಿನ ಹಿಂಬದಿಯಿಂದ ಕೆದಕಿದರೆ ಒಣಗಿದ ಎರೆ ಮಣ್ಣು, ಬೆರಳಗಾತ್ರದ ಹೆಂಟೆಗಳು. ಎರೆ ಮಣ್ಣಿನ ಗುಣ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಅಪ್ಪ ಒಂದು ಹೆಂಟೆಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಒಡೆದು ನೋಡಿದರು. “ಚಿತ್ತಾಪುರದ ಕಡೀದು” ಅಂದರು. ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಉಳಿದದ್ದನ್ನು ಪೊರಕೆಯಿಂದ ಗುಡಿಸಿದೆ. ತಳದಲ್ಲಿ ತುಕ್ಕು ಇತ್ತು, ಆದರೆ ತಗಡು ಇನ್ನೂ ತೂತಾಗಿರಲಿಲ್ಲ. ಉಜ್ಜಿ, ತುಕ್ಕು ತಡೆಯುವ ಬಣ್ಣ ಎರಡು ಕೋಟ್ ಹೊಡೆದೆವು.

ಗಾಜು ಏರಿದ್ದು

ಗಾಜು ಯಾಕೆ ಬಿತ್ತು ಎಂಬುದು ಬಾಗಿಲು ತೆರೆದ ಮೇಲೆ ಒಂದೇ ನೋಟಕ್ಕೆ ತಿಳಿಯಿತು. ಗಾಜಿನ ಕೆಳಅಂಚು ಒಂದು ಉದ್ದನೆಯ ತಗಡಿನ ತೊಟ್ಟಿಯಲ್ಲಿ ಕೂತಿರುತ್ತದೆ, ನಡುವೆ ರಬ್ಬರ್ ಪಟ್ಟಿ. ಮೆಕ್ಯಾನಿಕ್‌ಗಳು ‘ಗ್ಲಾಸ್ ಮಷೀನ್’ ಎನ್ನುವ ಕತ್ತರಿಯಂಥ ಸಲಕರಣೆ ಆ ತೊಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತದೆ. ಮಷೀನ್ ಸರಿಯಾಗಿಯೇ ಇತ್ತು. ರಬ್ಬರ್ ಒಣಗಿ ಪುಡಿಯಾಗಿ, ಗಾಜು ತೊಟ್ಟಿಯಿಂದ ಜಾರಿತ್ತು, ಅಷ್ಟೆ. ಗುಜರಿಯ ದರ ಹೇಳಿಸಿದ್ದು ಒಂದು ಗೇಣು ರಬ್ಬರ್.

ರಬ್ಬರ್ ಹುಡುಕಿ ರಾಣಿಗಂಜ್‌ಗೆ ಹೋದೆ, ಹಳೆಯ ಬಿಡಿಭಾಗಗಳಿಗೆಂದು ಗೋಷಾಮಹಲ್ ಸುತ್ತಿದೆ. ಭಾನುವಾರದ ಎರ್ರಗಡ್ಡ ಸಂತೆಯಲ್ಲಿ ಹಿಡಿಕೆಯ ಹಿಂದಿನ ಸ್ಪ್ರಿಂಗ್ ತಟ್ಟೆಗೆ ಜೋಡಿ ಸಿಕ್ಕಿತು. ಮುರಿದ ಪ್ಯಾಡುಗಳಿಗೆ ಹೊಸ ಹಲಗೆ ಬೇಕಿತ್ತು. ಸೀಟ್ ಕವರ್ ಹೊಲಿಯುವ ಅಂಗಡಿಯವನು ಹೊಳೆಯುವ ಹೊಸ ರೆಕ್ಸಿನ್ ತೋರಿಸಿ ಆಸೆ ಹಚ್ಚಿದ. ಬೇಡವೆಂದೆ. ಹಳೆಯ ಹಲಗೆಯ ತುಂಡುಗಳನ್ನು ಜೋಡಿಸಿ ಪೆನ್ಸಿಲಿನಿಂದ ಅಚ್ಚು ತೆಗೆದು, ಅದೇ ದಪ್ಪದ ಹಾರ್ಡ್‌ಬೋರ್ಡ್ ಕೊಯ್ಯಿಸಿದೆ. ಎರಡೂ ಮೈಗೆ ವಾರ್ನಿಷ್ ಹಚ್ಚಿ, ಹಳೆಯ ರೆಕ್ಸಿನ್ ಅನ್ನೇ ಮತ್ತೆ ಅಂಟಿಸಿಕೊಂಡೆ. ನಾನು ಮಾಡಿದ ಅರ್ಧ ಚಂದ್ರ ಅದರ ಮೇಲೆ ಹಾಗೇ ಇದೆ. ಕಾಗದ ಹೋದ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಕೆಳಅಂಚನ್ನು ತಗಡಿನ ಸೀಳಿನೊಳಗೆ ಇಳಿಬಿಟ್ಟೆವು, ನೀರು ಬಾಗಿಲೊಳಗೇ ಬೀಳುವಂತೆ.

ಒಂದು ಎಚ್ಚರಿಕೆ: ಬಾಗಿಲ ಒಳತಗಡಿನ ಅಂಚುಗಳು ಬ್ಲೇಡಿನಂತಿರುತ್ತವೆ. ಕೈಗವಸು ಹಾಕಿಕೊಳ್ಳದೆ ತೋಳು ತೂರಿಸಬೇಡಿ. ಗಾಜನ್ನು ಎತ್ತಿದ ಮೇಲೆ ಮರದ ಬೆಣೆ ಕೊಟ್ಟು ನಿಲ್ಲಿಸದೆ ಅದರಡಿ ಬೆರಳಿಡಬೇಡಿ. ನನಗೆ ಬಿದ್ದ ಹೊಲಿಗೆ ಎರಡು. ಅಪ್ಪ ಪಕ್ಕದಲ್ಲಿ ನಿಂತು ಹೊಲಿಯುವ ಹುಡುಗನಿಗೆ ಸಲಹೆ ಕೊಡುತ್ತಿದ್ದರು.

ನಾಲ್ಕನೆಯ ಭಾನುವಾರ ರಬ್ಬರಿಗೆ ಸೋಪಿನ ನೀರು ಸವರಿ ಗಾಜನ್ನು ತೊಟ್ಟಿಗೆ ಕೂರಿಸಿದೆವು. ಮಷೀನಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿದೆವು. ಪ್ಯಾಡ್ ಇಟ್ಟು ಒಂದೊಂದೇ ಕ್ಲಿಪ್ಪಿನ ಮೇಲೆ ಅಂಗೈಯಿಂದ ಗುದ್ದಿದೆ. ಕೊನೆಗೆ ಹಿಡಿಕೆ: ಅಪ್ಪ ತಟ್ಟೆ ಒತ್ತಿ ಹಿಡಿದರು, ನಾನು ಪಿನ್ ತೂರಿಸಿದೆ. ಅವರು ಅಮ್ಮನ ಸೀಟಿನಲ್ಲಿ ಕೂತು ಹಿಡಿಕೆ ತಿರುಗಿಸಿದರು. ನಿಧಾನಕ್ಕೆ, ಕಿರುಗುಟ್ಟದೆ, ಗಾಜು ಮೇಲಕ್ಕೆ ಬಂತು. ಇಳಿಸಿದರು. ಮತ್ತೆ ಏರಿಸಿದರು. ಆಮೇಲೆ ಏನು ಹೊಳೆಯಿತೋ, ಇಳಿಸಿ ಮೊಣಕೈಯನ್ನು ಹೊರಗಿಟ್ಟು ಕೂತರು. ಅಮ್ಮ ಕೂರುತ್ತಿದ್ದುದು ಹಾಗೆ.

ಮುಂದೇನು?

ಗಾಡಿ ಉಳಿಸಿಕೊಳ್ಳಲು ಕಾನೂನಿನಲ್ಲಿ ಒಂದು ದಾರಿಯಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನ ಮೂಲ ರೂಪದಲ್ಲೇ ಇದ್ದರೆ, ಷಾಸಿ, ಬಾಡಿ ಅಥವಾ ಎಂಜಿನ್ ಬದಲಾಗಿರದಿದ್ದರೆ, ಅದನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಇಂಗ್ಲೆಂಡಿನಲ್ಲೂ ಇಂಥದ್ದೇ ಇದೆ ಎಂದಳು ತಂಗಿ: 40 ವರ್ಷ ದಾಟಿದ, ದೊಡ್ಡ ಬದಲಾವಣೆಯಾಗದ ಗಾಡಿಗೆ ಅಲ್ಲಿ ವರ್ಷದ ಎಂಒಟಿ ಪರೀಕ್ಷೆ ಬೇಕಿಲ್ಲವಂತೆ.

ಆದರೆ ನಮ್ಮಲ್ಲಿ ಒಂದು ಷರತ್ತಿದೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ. ಅಪ್ಪನಿಗೆ ಓದಿ ಹೇಳಿದೆ. “ಅಂದ್ರ ಸಾಹಿತ್ಯ ಮಂದಿರಕ್ಕ ಹೋಗೂ ಹಂಗಿಲ್ಲ?” ಎಂದು ಕೇಳಿದರು. ಇಲ್ಲ ಅಂದೆ. “ಹಂಗಾದ್ರ ಅದು ಚೌಮಹಲ್ಲಾದಾಗ ನಿಂತಂಗ ಆಯ್ತು” ಅಂದರು. ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಯಬೇಕಾದರೆ ಕರ್ನಾಟಕದಿಂದ ಎನ್‌ಒಸಿ, ಇಲ್ಲಿನ ತೆರಿಗೆ, ಫಿಟ್‌ನೆಸ್ ಪರೀಕ್ಷೆ ಎಲ್ಲ ಆಗಬೇಕು. ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಕೆಳಗೆ ಕರೆದು, ಕಿಟಕಿ ಏರಿಸಿ ಇಳಿಸಿ ತೋರಿಸಿದೆ. ‘ಬಳಕೆಯಲ್ಲಿಲ್ಲದ’ ಎಂಬ ಮಾತನ್ನು ಅವರು ವಾಪಸ್ ತೆಗೆದುಕೊಂಡರು, ಜಾಗದ ಮಾತನ್ನಲ್ಲ. ಯುಗಾದಿಯವರೆಗೆ ಸಮಯ ಸಿಕ್ಕಿದೆ.

ಅಷ್ಟರಲ್ಲಿ ಹಿಂದಿನ ಎರಡು ಬಾಗಿಲುಗಳನ್ನೂ ಬಿಚ್ಚಿ ತಳದ ಮಣ್ಣು ತೆಗೆಯಬೇಕೆಂದು ಅಪ್ಪ ಹೇಳಿದ್ದಾರೆ. ಇಡ್ಲಿ ತಟ್ಟೆ ಇನ್ನೂ ಅಡುಗೆಮನೆಗೆ ವಾಪಸ್ ಹೋಗಿಲ್ಲ.